ಹದಿನೇಳು ತುಂಡಿನ ಕುರ್ಚಿ

ಮಣಿಪಾಲ ಬಿಟ್ಟು ಕ್ವಾಲಾಲಂಪುರದ ವೈದ್ಯಕೀಯ ಕಾಲೇಜಿಗೆ ಬಂದು, ಹೆಣ ಕೊಯ್ದು ಪಾಠ ಹೇಳುವ ಡಾಕ್ಟರ್ ವಿಠಲರಿಗೆ ಈಚೆಗೆ ಮರಗೆಲಸದ ಹುಚ್ಚು. ಅಮೆರಿಕದ ಪುರಾತನ ಪೀಠೋಪಕರಣಗಳ ಸಚಿತ್ರ ಗ್ರಂಥಗಳನ್ನು ತರಿಸಿ, ಕುರ್ಚಿಯ ಕೀಲುಕೀಲಿನ ಹೆಸರನ್ನೂ ಬಾಯಿಪಾಠ ಮಾಡಿದ್ದರು. ಕೊಂಡ ಉಳಿ ಮಾತ್ರ ಇನ್ನೂ ಪ್ಲಾಸ್ಟಿಕ್ ಕವರಿನೊಳಗೇ ಇತ್ತು.

"ಊಟದ ಕುರ್ಚಿ ಅಲ್ಲಾಡ್ತದೆ, ಒಂದು ಮೊಳೆ ಹೊಡೀರಿ" ಎಂದರು ಹೆಂಡತಿ ಸ್ವರ್ಣಲತಾ.

"ಮೊಳೆ ಹೊಡೆಯುದು ಗೊತ್ತಿಲ್ಲದವರ ಕೆಲಸ ಮಾರಾಯ್ತಿ" ಎಂದ ವಿಠಲ, ಗ್ರಂಥ ತೆರೆದಿಟ್ಟುಕೊಂಡು ಕುರ್ಚಿ ಬಿಚ್ಚಿದರು. ಸಂಜೆಯ ಹೊತ್ತಿಗೆ ಹದಿನೇಳು ತುಂಡುಗಳು ನೆಲದ ಮೇಲೆ ಸಾಲಾಗಿ ಮಲಗಿದ್ದವು, ಒಂದೊಂದಕ್ಕೂ ಹೆಸರಿನ ಚೀಟಿ.

"ಪಾಠ ಚಂದ ಆಯ್ತು. ಇನ್ನು ಜೋಡಿಸುದು ಯಾವಾಗ?"

ವಿಠಲ ಪುಟ ತಿರುವಿದರು. ಸ್ವರ್ಣಲತಾ ಫೋನಿನಲ್ಲಿ ಹೊಸ ಕುರ್ಚಿ ಆರ್ಡರ್ ಮಾಡಿದರು. ಮೂವತ್ತು ವರ್ಷಗಳ ಪಾಠದಲ್ಲಿ ಈ ಮನುಷ್ಯ ಬಿಚ್ಚಿದ್ದು ಒಂದಾದರೂ ಎದ್ದು ನಿಂತದ್ದಿದೆಯೇ?