ಬಾಗಿಲ ಕಡೆಗೆ ಕಾಲು

ಲೇನಾ ನದಿಯಾಚೆಯ ಕೆರೆಯಲ್ಲಿ ಮಂಜುಗಡ್ಡೆ ಬಾಯಿಬಿಟ್ಟು ನಮ್ಮ ಹಿಮಗಾಡಿಯನ್ನು, ಕೊಡಲಿಯನ್ನು, ಮೀನಿನ ಚೀಲವನ್ನು ನುಂಗಿತು. ನನ್ನ ತಮ್ಮ ಬ್ಯೊತುರನನ್ನು ಮೊಣಕಾಲವರೆಗೆ ನುಂಗಿ ಉಗುಳಿತು. ಮೈನಸ್ ಐವತ್ತರ ಚಳಿ. ಬೇಟೆಯವರ ಗುಡಿಸಲಿಗೆ ಅವನನ್ನು ಎಳೆದು ತರುವಷ್ಟರಲ್ಲಿ ಬೂಟು ಕಬ್ಬಿಣವಾಗಿತ್ತು. ಕಿತ್ತು ನೋಡಿದರೆ ಎರಡೂ ಪಾದ ಬೆಳ್ಳಗಾಗಿದ್ದವು. ಬೆರಳಿನಿಂದ ಕುಟ್ಟಿದರೆ ಟಕ್ ಟಕ್ ಎಂದವು.

ಗುಡಿಸಲು ಬಿಟ್ಟು ಹೋಗುವವರು ಮುಂದೆ ಬರುವವರಿಗೆ ಸೌದೆ ಒಟ್ಟಿ ಹೋಗಬೇಕು, ಅದು ನಮ್ಮ ಕಾಡಿನ ಕಟ್ಟಳೆ. ನಮಗಿಂತ ಮುಂಚೆ ಬಂದಿದ್ದ ಹಾಳಾದವರು ನಾಲ್ಕು ಸೀಳು ಬಿಟ್ಟು ಉಳಿದದ್ದನ್ನೆಲ್ಲ ಉರಿಸಿದ್ದರು. ಅವರ ವಂಶ ನಿರ್ವಂಶವಾಗಲಿ! ಅಷ್ಟು ಸೌದೆ ಒಂದು ಕೆಟಲ್ ಚಹಾಕ್ಕೆ ಸಾಕು, ರಾತ್ರಿ ಕಳೆಯಲು ಸಾಲದು. ಹೊಸದಾಗಿ ಕಡಿಯೋಣವೆಂದರೆ ಕೊಡಲಿ ಕೆರೆಯ ಪಾಲಾಗಿತ್ತು. ಊರಿಗೆ ನಡೆದೇ ಹೋಗಬೇಕು. ಹೆಪ್ಪುಗಟ್ಟಿದ ಕಾಲಲ್ಲಿ ಹೇಗೋ ಮರದ ಕಾಲಿನವರಂತೆ ನಡೆಯಬಹುದು. ಕಾಯಿಸಿ ಕರಗಿಸಿದ ಕಾಲಲ್ಲಿ ಒಂದು ಹೆಜ್ಜೆಯೂ ಇಡಲಾಗದು. ಇದು ನಮ್ಮಲ್ಲಿ ಮಕ್ಕಳಿಗೂ ಗೊತ್ತು, ಬ್ಯೊತುರನಿಗೂ ಗೊತ್ತಿತ್ತು. ಆದರೆ ಬೆಂಕಿ ಕಂಡ ಮೇಲೆ ಗೊತ್ತಿದ್ದದ್ದು ಯಾರ ತಲೆಯಲ್ಲಿ ನಿಲ್ಲುತ್ತದೆ?

"ಅಕ್ಕಾ, ಒಲೆ ಹತ್ರ ಬಿಡೇ."

"ಚಹಾ ಕುಡಿ. ಕಾಲು ಬಾಗಿಲ ಕಡೆ ಇಡು."

"ಒಂದೇ ಒಂದ್ ಗಳಿಗೆ ಕಣೇ..."

"ಕರಗಿದ್ರೆ ನಿನ್ನ ಹೊತ್ಕೊಂಡ್ ಹೋಗೋಕೆ ನಾನೇನು ಕುದುರೆನಾ?"

ಅವನು ಅಂಗಿಯೊಳಗಿಂದ ವೋಡ್ಕಾ ತೆಗೆದ. ಕುಡಿದರೆ ಮೈ ಬಿಸಿಯಾದ ಹಾಗೆ ಅನಿಸುತ್ತದೆ, ಆಮೇಲೆ ಬೇಗ ಸಾಯಿಸುತ್ತದೆ. ಕಿತ್ತುಕೊಂಡು ಒಲೆಗೆ ಸುರಿದೆ. ಬೆಂಕಿಯಜ್ಜನಿಗೆ ಮೊದಲ ಗುಟುಕು ಕೊಡುವುದು ನಮ್ಮ ಪದ್ಧತಿ; ಆವತ್ತು ಇಡೀ ಬಾಟಲಿ ಅವನ ಪಾಲಾಯಿತು.

"ಬೆಂಕಿಯಜ್ಜನಿಗೆ ಕುಡಿಸ್ತೀಯ, ಒಡಹುಟ್ಟಿದೋನಿಗಿಲ್ಲ. ಅಕ್ಕ ಅಲ್ಲ ಕಣೇ ನೀನು, ಮಾರಿ!"

ತೆವಳುತ್ತ ಒಲೆಯ ಕಡೆ ಹೊರಟವನನ್ನು ಕಾಲರ್ ಹಿಡಿದು ಹಿಂದಕ್ಕೆಳೆದೆ. ಅವನು ಅತ್ತ. ನಾನು ಹಿಡಿದ ಕೈ ಬಿಡಲಿಲ್ಲ. ಮಂಚದ ಮೇಲಿದ್ದ ಜಿಂಕೆ ಚರ್ಮವನ್ನು ಅವನ ಕಾಲಿಗೆ ಸುತ್ತಿ, ಹಗ್ಗ ಬಿಗಿದು, ಬೈದು, ನೂಕಿ ಊರು ಮುಟ್ಟಿಸಿದೆ.

ಆಸ್ಪತ್ರೆಯಲ್ಲಿ ಎರಡೂ ಪಾದ ತೆಗೆದರು. ಜೀವ ಉಳಿಯಿತು. ಒಲೆ ಮುಂದಿದ್ದೂ ತಮ್ಮನ ಕಾಲು ಕಳೆದಳು ಎಂದು ಊರ ಹೆಂಗಸರು ಆಡಿಕೊಂಡರು. ಆಡಿಕೊಳ್ಳಲಿ, ಅವರೇನು ಆ ಗುಡಿಸಲಲ್ಲಿದ್ದರೇ? ನಾಳೆ ಅದೇ ಗತಿ ಬಂದರೂ ನಾನು ಅದನ್ನೇ ಮಾಡುತ್ತೇನೆ.

ಈ ಚಳಿಗಾಲದಲ್ಲಿ ಒಂದು ದಿನ ಹಸು ಈಯಲು ಕಷ್ಟಪಡುತ್ತಿತ್ತು, ಕೊಟ್ಟಿಗೆಯಲ್ಲೇ ತಡವಾಯಿತು. ಮನೆಯೊಳಗೆ ಬಂದರೆ ಒಲೆ ಆರಿಹೋಗಿದೆ, ಬಕೆಟ್ಟಿನ ನೀರಿನ ಮೇಲೆ ಮಂಜಿನ ಪದರ ಕಟ್ಟಿದೆ. ಸೌದೆಯೆಲ್ಲ ಅಂಗಳದಲ್ಲಿತ್ತು. ಬ್ಯೊತುರ್ ಕುರ್ಚಿಯಲ್ಲಿ ಮುದುಡಿಕೊಂಡು ಕೂತಿದ್ದ, ತುಟಿ ನೀಲಿಗಟ್ಟಿತ್ತು. ಕೊಟ್ಟಿಗೆ ಇರುವುದು ಗೋಡೆಯಾಚೆಗೇ.

"ಕೂಗಬಾರದೇನೋ ಮುಠ್ಠಾಳ! ಗೋಡೆ ತಟ್ಟಿದ್ರೂ ಓಡ್ಬರ್ತಿದ್ನಲ್ಲೋ!"

ಅವನಿಗೆ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ.

"ಕೇಳಿದ್ರೆ ನೀನು ಬೆಂಕಿ ಕೊಡ್ತೀಯ ಅಂತ ನಂಗೇನು ಗೊತ್ತಕ್ಕಾ?" ಎಂದ.