ಬೇವಿನ ತಿರುವಿನ ಬೂದಿ

ಮೋನಮ್ಮ ಜರಡಿಯನ್ನು ಇನ್ನೊಂದು ಸಲ ಜಾಡಿಸಿದಳು. ನಿನ್ನೆಯ ಒಲೆಯ ಬೂದಿ ಹಾಸಿದ ಬಟ್ಟೆಯ ಮೇಲೆ ಹಿಟ್ಟಿನ ಹಾಗೆ ಬಿತ್ತು. ಇದ್ದಿಲ ಚೂರು, ಅರೆಬೆಂದ ತೊಗರಿಕಟ್ಟಿಗೆ ಜರಡಿಯಲ್ಲೇ ಉಳಿದವು. ಆಚೆ ಕಟ್ಟೆಯ ಮೇಲೆ ಗಂಡ ಹುಲಗಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಚೆಂಡುಹೂವಿನ ಹಾರ, ತಲೆಗೆ ಕೆನಾಲಿನ ಗ್ಯಾಂಗಮನ್ ಆಗಿದ್ದ ಕಾಲದ ಖಾಕಿ ಟೋಪಿ. ಟೋಪಿ ತೆಗೆದು ರುಮಾಲು ಸುತ್ತೋಣ ಎಂದವರ ಕೈಯನ್ನು ಮೋನಮ್ಮ ಸರಿಸಿದ್ದಳು.

ನೆರೆಮನೆಯ ಸಾಯಬಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಹತ್ತಿರ ಬಂದಳು.

"ಯಕ್ಕಾ, ಮನ್ಯಾಗ ಹೆಣ ಕುಂತೈತಿ, ನೀ ಬೂದಿ ಸಾಣಿಸಾಕತ್ತಿ. ಮಂದಿ ಏನಂದಾರು?"

"ಮಂದಿ ಹದಿನೈದು ವರ್ಷದಿಂದ ಅನ್ನಾಕತ್ತಾರ. ಅವರ ಬಾಯಿನೂ ನೊಂದಿಲ್ಲ, ನನ್ನ ಕಿವಿನೂ ನೊಂದಿಲ್ಲ."

ಬೂದಿ ಹುಲಗಪ್ಪನ ಕಡೆಯ ಆಸೆಯಾಗಿತ್ತು. ನನ್ನನ್ನು ಒಯ್ಯುವಾಗ ಬೇವಿನ ತಿರುವಿನಲ್ಲಿ ಬೂದಿ ಹಾಸು ಎಂದಿದ್ದ. ಬೇರೆ ಗಂಡಸರು ಸಾಯುವಾಗ ದೇವರ ಹೆಸರು ಹೇಳುತ್ತಾರೆ, ಮಕ್ಕಳ ಹೆಸರು ಹೇಳುತ್ತಾರೆ. ಈ ಪುಣ್ಯಾತ್ಮ ರಸ್ತೆಯ ಒಂದು ತಿರುವಿನ ಹೆಸರು ಹೇಳಿ ಕಣ್ಣು ಮುಚ್ಚಿದ.

ಅಂಗಳ ತುಂಬಿತ್ತು. ಹದಿನೈದು ವರ್ಷ ಈ ಹೊಸ್ತಿಲ ಕಡೆ ತಲೆ ಹಾಕದವರೆಲ್ಲ ಇವತ್ತು ಬಂದು, ಹುಲಗಪ್ಪನಂಥ ಮನುಷ್ಯ ಸಿಗುವುದಿಲ್ಲ ಎಂದು ಲೊಚಗುಟ್ಟುತ್ತಿದ್ದರು. ಸತ್ತ ಎಮ್ಮೆಗೆ ಹತ್ತು ಸೇರು ಹಾಲು. ಬದುಕಿದ್ದಾಗ ಇದೇ ಬಾಯಿಗಳು, ಊರಿನ ಆಟ ಕೊಂದವನು ಎಂದು ಅವನನ್ನು ಕರೆದಿದ್ದವು.

ಹೊರಗೆ ಎರಡು ಟ್ರ್ಯಾಕ್ಟರ್ ನಿಂತಿದ್ದವು. ಉಳುಮೆಯ ದಿನಗಳಾದ್ದರಿಂದ ಎರಡೂ ಹೊಲದಿಂದ ನೇಗಿಲ ಸಮೇತ ಬಂದಿದ್ದವು. ಒಂದು ಹಳೆಯದು, ಕುಂಟುವ ಚಾಂದಪಾಶಾನದು. ಎರಡು ಎಕರೆಯ ಒಡೆಯ. ಇನ್ನೊಂದು ಹೊಸದು, ಈಶಪ್ಪನದು. ಕೆನಾಲಿನ ಕೆಳಗೆ ನಲವತ್ತು ಎಕರೆ ಗದ್ದೆ ಇರುವ ಈಶಪ್ಪ, ಎಲ್ಲರ ಹಾರಕ್ಕಿಂತ ದಪ್ಪನೆಯ ಹಾರ ತಂದು ಹೆಣಕ್ಕೆ ಹಾಕಿ, ನಿವೃತ್ತ ಶಾಲೆ ಮಾಸ್ತರ ಗುರಪ್ಪನ ಕಿವಿಯಲ್ಲಿ ಏನೋ ಹೇಳಿದ. ಗುರಪ್ಪ ಮಾಸ್ತರ ಕೆಮ್ಮುತ್ತ ಜರಡಿಯ ಬಳಿ ಬಂದು ಕುಳಿತರು.

ಮಾಸ್ತರು ಸುತ್ತಿ ಬಳಸಿ ಹೇಳಿದ್ದು ಇಷ್ಟು. ಈ ಬೇಸಿಗೆ ಕೆನಾಲಿನ ನೀರು ಬಂದ್ ಆಗಿದೆ. ನಿಂತುಹೋದ ಟ್ರ್ಯಾಕ್ಟರ್ ಓಟವನ್ನು ಮತ್ತೆ ಶುರು ಮಾಡಬೇಕೆಂದು ಈಶಪ್ಪನ ಆಸೆ. ಓಟಕ್ಕೆ ಹುಲಗಪ್ಪನ ಹೆಸರನ್ನೇ ಇಡುತ್ತಾನೆ, ತಿರುವಿನಲ್ಲಿ ಕಲ್ಲು ನೆಡಿಸುತ್ತಾನೆ. ಆದರೆ ಕೊಂಕಲ್ ಮತ್ತು ಕಕ್ಕೇರಾದ ಓಟಗಾರರು ಹಟ ಹಿಡಿದಿದ್ದಾರೆ. ಈಶಪ್ಪನ ಮೇಲೆ ಹುಲಗಪ್ಪ ಹಾಕಿದ ಹಳೇ ದಂಡ ತೀರದೆ ಅವನ ಮನೆಯ ಗಾಡಿಯ ಜೊತೆ ನಾವು ಓಟದ ಗೆರೆಯಲ್ಲಿ ನಿಲ್ಲುವುದಿಲ್ಲ ಅನ್ನುತ್ತಾರೆ.

"ತಂಗಿ, ಸಾಯೂಮುಂದ ನನ್ನ ತೀರ್ಪು ತಪ್ಪಾತು ಅಂದ ಅಂತ ನಾಕು ಮಂದ್ಯಾಗ ನೀ ಒಂದು ಮಾತು ಅಂದ್ರ ಸಾಕು. ಸತ್ತಾವ ಎದ್ದು ಬಂದು ಇಲ್ಲ ಅಂತಾನೇನು?"

ಮೋನಮ್ಮನ ಕೈಯಲ್ಲಿ ಜರಡಿ ನಿಂತಿತು. ಯಾಕೆಂದರೆ ಹುಲಗಪ್ಪ ನಾಲ್ಕು ದಿನದ ಹಿಂದೆ ನಿಜವಾಗಿಯೂ ತಪ್ಪಾಯಿತು ಎಂದಿದ್ದ.

ಆ ಕಲ್ಲಿನ ಮೇಲೆ ಗಂಡನ ಹೆಸರು ಕಾಣುವ ಆಸೆ ಅವಳಿಗೂ ಆಯಿತು, ಸುಳ್ಳು ಯಾಕೆ. ಮನೆಗೆ ಬರುವವರಿಲ್ಲದೆ, ಮಾತಾಡಿಸುವವರಿಲ್ಲದೆ ಕಳೆದ ವರ್ಷಗಳೆಲ್ಲ ಒಂದು ಮಾತಿನಲ್ಲಿ ತೊಳೆದು ಹೋಗುತ್ತಿದ್ದವು. ಅವಳು ಬೂದಿಯ ಬಟ್ಟೆಯನ್ನು ಗಂಟು ಕಟ್ಟಿದಳು.

"ಹೇಳೂದು ಬೇವಿನ ತಿರುವಿನ್ಯಾಗ ಹೇಳ್ತೀನ್ರಿ, ಮಾಸ್ತರ. ಎಲ್ಲಾರೂ ಬರ್ರಿ."

* * *

ಕೃಷ್ಣೆಯ ನೀರು ಕೆನಾಲಿನಲ್ಲಿ ಸುರಪುರದ ಕಡೆ ಹರಿದ ಮೇಲೆ ಜೋಳದ ಹೊಲಗಳು ಗದ್ದೆಗಳಾದವು. ಗದ್ದೆಗಳ ಬೆನ್ನಿಗೆ ಟ್ರ್ಯಾಕ್ಟರ್‌ಗಳು ಬಂದವು. ಎತ್ತು ಓಡಿಸಿದ ಕೈಗಳು ಸುಮ್ಮನಿರುತ್ತವೆಯೇ? ಬೇಸಿಗೆಯಲ್ಲಿ ನೀರು ಬಂದ್ ಆದ ಮೊದಲ ಅಮಾವಾಸ್ಯೆಗೆ ಕೆನಾಲ್ ದಂಡೆಯ ರಸ್ತೆಯಲ್ಲಿ ಟ್ರ್ಯಾಕ್ಟರ್ ಓಟ ಶುರುವಾಯಿತು. ಟ್ರೇಲರ್ ಬಿಚ್ಚಿ, ಬರೀ ಇಂಜಿನ್ ಓಡಿಸುವುದು. ಕೆನಾಲಿನ ಗೇಟಿನಿಂದ ಹೊರಟು ಬೇವಿನ ಮರದ ತಿರುವು ದಾಟಿ ಸೇತುವೆ ಮುಟ್ಟಿದವನು ಗೆದ್ದ.

ತಿರುವಿನಲ್ಲೇ ಎಲ್ಲ ರಗಳೆ. ಅಲ್ಲಿ ಒಬ್ಬನನ್ನೊಬ್ಬ ಹಿಂದೆ ಹಾಕಲು ಹೋಗಿ ಗುದ್ದಿಕೊಳ್ಳುತ್ತಿದ್ದರು. ತಪ್ಪು ಯಾರದೆಂದು ಹೇಳುವ ಕೆಲಸವನ್ನು ಊರು ಹುಲಗಪ್ಪನಿಗೆ ಕೊಟ್ಟಿತು. ನೀರಿನ ಸರದಿ ತಪ್ಪಿಸಿ ತೂಬು ಎತ್ತಿದವನನ್ನು ಕೆಸರಿನ ಹೆಜ್ಜೆ ನೋಡಿಯೇ ಹಿಡಿಯುತ್ತಿದ್ದ ಮನುಷ್ಯ ಅವನು. ಓಟದ ದಿನ ಬೆಳಿಗ್ಗೆ ಗಂಡ ಹೆಂಡತಿ ತಿರುವಿಗೆ ಹೋಗಿ, ನೀರು ಚಿಮುಕಿಸಿ, ಸಾಣಿಸಿದ ಬೂದಿ ಹಾಸುತ್ತಿದ್ದರು. ಮೋನಮ್ಮ ಜರಡಿ ಹಿಡಿದು ಹಿಂದೆ ಹಿಂದೆ ನಡೆಯುವಳು. ಒಂದು ಹೆಜ್ಜೆ ಬೂದಿಯ ಮೇಲೆ ಬಿದ್ದರೂ ಹುಲಗಪ್ಪ ಕಣ್ಣು ಬಿಡುವನು. ಮಳೆಯನ್ನೇ ನೆಚ್ಚಿದ ಬಳಿಚಕ್ರ ಊರಿನಿಂದ ಮದುವೆಯಾಗಿ ಬಂದವಳಿಗೆ ಬೂದಿಯ ಮೇಲಿನ ಗುರುತು ಓದಲು ಕಲಿಸಿದವನು ಅವನೇ.

ಅವನ ಕಾನೂನು ಸಣ್ಣದು. ಗುದ್ದಿದ ಗಳಿಗೆಯಲ್ಲಿ ಎರಡು ಗಾಡಿಯ ಗಾಲಿಗಳೂ ಒಟ್ಟಿಗೆ ಜಗ್ಗಿ, ಬೂದಿಯಲ್ಲಿ ಸೊಟ್ಟ ಗುರುತು ಬೀಳುತ್ತದೆ. ಹಿಂದಿನಿಂದ ಬಂದವನ ಮುಂಗಾಲಿ ಆ ಹೊತ್ತಿಗೆ ಮುಂದಿನವನ ದೊಡ್ಡ ಗಾಲಿಗೆ ಸಮ ಬಂದಿದ್ದರೆ, ದಾರಿ ಕೊಡದ ಮುಂದಿನವನ ತಪ್ಪು. ಸಮ ಬಂದಿರದಿದ್ದರೆ ನುಗ್ಗಿದವನ ತಪ್ಪು. ದಂಡವೂ ಸಣ್ಣದೇ. ತಪ್ಪಿತಸ್ಥ ತನ್ನ ಹೊಲಕ್ಕಿಂತ ಮೊದಲು ಏಟು ತಿಂದವನ ಹೊಲ ಉಳಬೇಕು. ಉಳುವ ತನಕ ಅವನ ಮನೆಯ ಗಾಡಿ ಗೆರೆಯಲ್ಲಿ ನಿಲ್ಲುವಂತಿಲ್ಲ.

ಹದಿನೈದು ವರ್ಷದ ಹಿಂದಿನ ಆ ಓಟದಲ್ಲಿ ಮುಂದೆ ಇದ್ದವನು ಚಾಂದಪಾಶಾ, ಬೆನ್ನಿಗೆ ಈಶಪ್ಪ. ತಿರುವಿನಲ್ಲಿ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು ಬಂತು. ಚಾಂದಪಾಶಾನ ಗಾಡಿ ದಂಡೆಯಿಂದ ಉರುಳಿ ಒಣ ಕೆನಾಲಿಗೆ ಬಿತ್ತು, ಅವನ ಕಾಲು ಅಡಿಯಲ್ಲಿ ಸಿಕ್ಕಿತು. ಈಶಪ್ಪ ಹಾಗೇ ಓಡಿಸಿಕೊಂಡು ಹೋಗಿ ಸೇತುವೆ ಮುಟ್ಟಿದ. ಸೇತುವೆಯ ಮೇಲಿದ್ದವರೆಲ್ಲ ಈಶಪ್ಪನೇ ಮುಂದಿದ್ದ, ಚಾಂದಪಾಶಾ ಅಡ್ಡ ಬಂದ ಎಂದರು. ಓಟದ ಡೀಸೆಲ್ಲೂ ಗೆದ್ದವನಿಗೆ ಕೊಡುವ ಕಪ್ಪೂ ಈಶಪ್ಪನ ಮನೆಯವು, ಅವರ ಕಣ್ಣಿಗೆ ಬೇರೆ ಹೇಗೆ ಕಂಡೀತು?

ಹುಲಗಪ್ಪ ಬೂದಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಗೇಣು ಹಾಕಿದ. ಒಂದು, ಎರಡು, ಮೂರು. ಈಶಪ್ಪನ ಮುಂಗಾಲಿ ಮೂರು ಗೇಣು ಹಿಂದೆ ಇತ್ತು.

"ನುಗ್ಗಿದಾವ ಈಶಪ್ಪ," ಎಂದ. "ಪಾಶಾನ ಹೊಲ ಉಳಬೇಕು."

ಈಶಪ್ಪ ನಕ್ಕ. ನಲವತ್ತು ಎಕರೆಯವನು ಎರಡು ಎಕರೆಯವನ ಆಳಾಗಬೇಕೇನು ಎಂದು ಗಾಡಿ ಹತ್ತಿ ಹೋದ. ನಾನು ನಿಲ್ಲದ ಗೆರೆಯಲ್ಲಿ ಯಾರು ನಿಲ್ಲುತ್ತಾರೋ ನೋಡುತ್ತೇನೆ ಎಂದ. ಯಾರೂ ನಿಲ್ಲಲಿಲ್ಲ. ಪಾಶಾನ ಹೊಲ ಆ ವರ್ಷ ಬೀಳು ಬಿತ್ತು, ಓಟವೂ ಬಿತ್ತು. ಹುಲಗಪ್ಪ ಮಾತು ತಿರುಗಿಸಲಿಲ್ಲ.

* * *

ಹೆಣ ಹೊತ್ತವರು ಬೇವಿನ ತಿರುವಿನಲ್ಲಿ ನಿಂತರು. ಅರ್ಧ ದಾರಿಯಲ್ಲಿ ಒಮ್ಮೆ ಇಳಿಸಿ ಹೆಗಲು ಬದಲಿಸುವುದು ಊರಿನ ಪದ್ಧತಿ, ಇಳಿಸುವ ಜಾಗ ಬೇವಿನ ನೆರಳು. ಮೋನಮ್ಮ ಮೊದಲೇ ಬಂದು ಬೂದಿ ಹಾಸಿ ಮುಗಿಸಿದ್ದಳು. ಬಗ್ಗಿ ಬಗ್ಗಿ ಸೊಂಟ ಹಿಡಿದಿತ್ತು, ಪಾದ ಬೆಳ್ಳಗಾಗಿತ್ತು. ಎರಡೂ ಟ್ರ್ಯಾಕ್ಟರ್ ಹಿಂದೆ ಬಂದು ನಿಂತವು. ಹುಲಗಪ್ಪನ ಮೇಲಿನ ಅಭಿಮಾನಕ್ಕೆ ಕೊಂಕಲ್‌ನಿಂದ ಮೂವರು ಹಳೇ ಓಟಗಾರರೂ ಮಣ್ಣಿಗೆ ಬಂದಿದ್ದರು.

ಮಾಸ್ತರು ಗಂಟಲು ಸರಿಮಾಡಿಕೊಂಡು, ಹುಲಗಪ್ಪ ಕಡೆಗಾಲದಲ್ಲಿ ಆಡಿದ ಮಾತನ್ನು ಮೋನಮ್ಮ ಹೇಳುತ್ತಾಳೆ ಎಂದರು. ಈಶಪ್ಪ ಕೈ ಕಟ್ಟಿ, ತಲೆ ತಗ್ಗಿಸಿ ನಿಂತ. ಆ ವಿನಯ ನೋಡಿ ಮೋನಮ್ಮನಿಗೆ ಮೈ ಉರಿಯಿತು.

"ಹೌದು, ತಪ್ಪಾತು ಅಂದ," ಎಂದಳು.

ಜನ ಉಸಿರು ಬಿಟ್ಟರು. ಈಶಪ್ಪನ ಮುಖ ಅರಳಿತು.

"ಪೂರಾ ಕೇಳ್ರಿ. ಈಶಪ್ಪ ಮೂರು ಗೇಣು ಹಿಂದಿದ್ದ, ಅದು ಖರೆ. ಆದ್ರ ಗುದ್ದೂಕಿಂತ ಮೊದಲ ಪಾಶಾನ ಗಾಲಿ ಒಂದು ಗೇಣು ಒಳಗ ಸರದಿತ್ತು. ಅಡ್ಡ ಹಾಕಾಕ. ನನ್ನ ಗಂಡ ಅದನ್ನ ಕಂಡ, ಕಂಡು ಕಾಲಿಲೆ ಸವರಿಬಿಟ್ಟ. ಆ ಒಂದು ಗೇಣು ಬಾಯಿಬಿಟ್ರ ನೀವೆಲ್ಲ ಅದನ್ನ ಒಂದು ಹರದಾರಿ ಮಾಡಿ ಕಾಲು ಮುರದಾವನ ತಲಿಗೇ ಕಟ್ತಿದ್ರಿ. ಅದಕ್ಕ ಮುಚ್ಚಿಟ್ಟ. ಮುಚ್ಚಬಾರದಿತ್ತು, ತಪ್ಪಾತು ಅಂದ. ಈಶಪ್ಪಂದು ತಪ್ಪಲ್ಲ ಅಂತ ಅನ್ನಲಿಲ್ಲ."

ಗಾಳಿಗೆ ಬೇವಿನ ಹೂ ಹೆಣದ ಟೋಪಿಯ ಮೇಲೆ ಉದುರಿತು. ಇಷ್ಟು ಹೇಳಿದರೆ ಗಂಡನಿಗೆ ಉಳಿದಿದ್ದ ಒಂದು ಹೆಸರೂ ಹೋಗುತ್ತದೆಂದು ಮೋನಮ್ಮನಿಗೆ ಗೊತ್ತಿತ್ತು. ಕಲ್ಲಂತೂ ಹೋಗಿಯೇ ಹೋಯಿತು. ಹೋಗಲಿ. ಅರ್ಧ ಮಾತಿನ ಮೇಲೆ ನೆಟ್ಟ ಕಲ್ಲು ಎಷ್ಟು ದಿನ ನಿಂತೀತು?

ಈಶಪ್ಪ ತಲೆ ಎತ್ತಿ, ಹಾಗಾದರೆ ತೀರ್ಪೇ ಸುಳ್ಳಾಯಿತಲ್ಲ, ಸತ್ತವನೇ ಕಳ್ಳನಾದನಲ್ಲ ಎಂದ. ಕೆಲವರು ಹೌದೆನ್ನುವ ಹಾಗೆ ಗೊಣಗಿದರು. ಆಗ ಚಾಂದಪಾಶಾ ಕುಂಟುತ್ತ ಮುಂದೆ ಬಂದ. ಐವತ್ತು ದಾಟಿದ ಗಂಡಸು, ಶಾಲೆಯಲ್ಲಿ ಸಿಕ್ಕಿಬಿದ್ದ ಹುಡುಗನ ಹಾಗೆ ನಿಂತಿದ್ದ.

"ಕಾಕಿ ಅಂದದ್ದು ಖರೇ ಐತ್ರಿ. ನಾ ಒಂದು ಗೇಣು ಎಳದೆ. ಕಾಕಾ ನೋಡ್ಯಾನ ಅನ್ನೂದೂ ನನಗ ಗೊತ್ತಿತ್ತು. ಸುಮ್ಮಿದ್ದೆ." ಅವನು ಮೋನಮ್ಮನ ಕಡೆ ತಿರುಗಿದ. "ಒಂದು ಗೇಣಿಗೆ ದಂಡ ಎಷ್ಟು, ಕಾಕಿ?"

ಮೋನಮ್ಮ ಗಂಡನ ಮುಖ ನೋಡಿದಳು. ಅಲ್ಲಿಂದ ಜವಾಬು ಬರುವ ಹಾಗಿರಲಿಲ್ಲ.

"ಅವನ ಹೊಲದಾಗ ಒಂದು ಸುತ್ತು," ಎಂದಳು.

ಹೆಣ ಎತ್ತಿದರು. ಕೆನಾಲಿನಾಚೆಯ ಸುಡುಗಾಡಿನಲ್ಲಿ ಹುಲಗಪ್ಪನನ್ನು ಕೂರಿಸಿ, ಟೋಪಿಯ ಸಮೇತ ಮಣ್ಣು ಮಾಡಿದರು. ಮೋನಮ್ಮ ಮೂರು ಹಿಡಿ ಹಾಕಿದಳು. ಆಗ ಮಾತ್ರ ಅವಳಿಗೆ ಅಳು ಬಂತು, ಯಾರಿಗೂ ಹೆದರದೆ ದೊಡ್ಡ ದನಿಯಲ್ಲೇ ಅತ್ತಳು.

* * *

ಮಣ್ಣು ಕೊಟ್ಟವರು ಮನೆಗೆ ಹೋಗಿ ಸ್ನಾನ ಮಾಡಿ ದೀಪ ನೋಡಬೇಕು. ಆದರೆ ಯಾರೂ ಬೇವಿನ ತಿರುವು ದಾಟಲಿಲ್ಲ. ದಂಡೆಯ ಕೆಳಗೆ, ತಿರುವಿನ ಬಲಕ್ಕೆ ಈಶಪ್ಪನ ಹೊಲ, ಎಡಕ್ಕೆ ಪಾಶಾನ ಎರಡು ಎಕರೆ. ಚಾಂದಪಾಶಾ ಹಳೇ ಟ್ರ್ಯಾಕ್ಟರ್ ಹತ್ತಿ ಬೂದಿಯ ಮೇಲೆ ಹಾಯ್ದು ಬಲಕ್ಕೆ ಇಳಿದ. ನೇಗಿಲು ಇಳಿಸಿ ಈಶಪ್ಪನ ಹೊಲದಲ್ಲಿ ಒಂದು ಸುತ್ತು ಉತ್ತ. ಒಂದೇ ಸುತ್ತು, ಬದುವಿನಿಂದ ಬದುವಿಗೆ. ಆಮೇಲೆ ಮೇಲೆ ಬಂದು ಇಂಜಿನ್ ಬಂದ್ ಮಾಡಿ ಕೆಳಗಿಳಿದ.

ಈಗ ಎಲ್ಲರ ಕಣ್ಣು ಈಶಪ್ಪನ ಮೇಲೆ. ಕೊಂಕಲ್‌ನವರು ಬೀಡಿ ಹಚ್ಚಿ ನಿಂತಿದ್ದರು, ಅವರಿಗೆ ಅವಸರವಿರಲಿಲ್ಲ. ಒಂದು ಗೇಣಿನವನು ದಂಡ ತೀರಿಸಿದ, ಮೂರು ಗೇಣಿನವನು ಇಲ್ಲೇ ನಿಂತಿದ್ದಾನೆ. ಮಾಸ್ತರು ಅವನ ಕಿವಿಯಲ್ಲಿ ಏನೋ ಅಂದರು. ಅವನು ಹೆಗಲ ಮೇಲಿನ ಟವೆಲ್ ಕೊಡವಿ, ಯಾರನ್ನೂ ನೋಡದೆ ಹೊಸ ಟ್ರ್ಯಾಕ್ಟರ್ ಹತ್ತಿದ.

ಗಾಡಿ ಬೂದಿ ತುಳಿದು ಎಡಕ್ಕೆ ಇಳಿಯಿತು. ಪಾಶಾನ ಹೊಲದಲ್ಲಿ ಒಂದು ಸುತ್ತು ಹಾಕಿತು, ಎರಡನೆಯದು ಶುರುವಾಯಿತು. ಗಂಡಸರು ಸಮಾಧಾನದಿಂದ ಗೊಣಗಿದರು, ಆಯಿತಲ್ಲ, ದೊಡ್ಡ ಮನಸ್ಸು ಎಂದರು. ಮೋನಮ್ಮ ಬೇವಿನ ಬುಡದಿಂದ ಎದ್ದಳು. ಹೊಲದಲ್ಲಿ ಗಾಲಿಯ ಗುರುತಿತ್ತು, ಮಣ್ಣು ಮಾತ್ರ ಹಾಗೇ ಇತ್ತು. ನೇಗಿಲನ್ನು ಗಾಳಿಯಲ್ಲಿ ಎತ್ತಿಕೊಂಡೇ ಗಾಡಿ ಓಡಾಡುತ್ತಿತ್ತು.

ಅವಳು ಬೂದಿ ದಾಟಿ, ಬದು ಇಳಿದು, ಬರುತ್ತಿದ್ದ ಟ್ರ್ಯಾಕ್ಟರಿನ ಮುಂದೆ ಹೋಗಿ ನಿಂತಳು. ಸಾಯಬಮ್ಮ ಹಿಂದಿನಿಂದ ಕರೆದದ್ದು ಕೇಳಿಸಿತು. ಈಶಪ್ಪ ಬ್ರೇಕ್ ಒತ್ತಿದ. ಗಾಡಿಯ ಮೂತಿ ಅವಳ ಎದೆಯಿಂದ ಎರಡು ಗೇಣು ದೂರದಲ್ಲಿ ನಿಂತು ನಡುಗಿತು.

"ನೇಗಿಲ ಇಳಸು, ಈಶಪ್ಪ."

ಅವನು ಅವಳನ್ನು ನೋಡಿದ. ದಂಡೆಯ ಮೇಲೆ ಸಾಲಾಗಿ ನಿಂತವರನ್ನು ನೋಡಿದ. ಅವರಲ್ಲಿ ಒಬ್ಬರೂ ಅವಳಿಗೆ, ಬಿಡು ಮುದುಕಿ, ಅನ್ನಲಿಲ್ಲ. ಆಮೇಲೆ ಅವನ ಕೈ ಲಿವರಿನ ಮೇಲೆ ಹೋಯಿತು. ನೇಗಿಲ ಹಲ್ಲುಗಳು ಕೆಳಗಿಳಿದು ಮಣ್ಣಿಗೆ ನಾಟಿದವು, ಇಂಜಿನ್ನಿನ ದನಿ ದಪ್ಪವಾಯಿತು, ಕರಿ ಹೊಗೆ ಎದ್ದಿತು.

ಮೋನಮ್ಮ ಎರಡು ಹೆಜ್ಜೆ ಬದಿಗೆ ಸರಿದು ದಾರಿ ಕೊಟ್ಟಳು. ಹೊರಳಿದ ಕರಿಮಣ್ಣಿನ ಹೆಂಟೆ ಅವಳ ಬೂದಿ ಮೆತ್ತಿದ ಪಾದದ ಮೇಲೆ ಬಂದು ಬಿತ್ತು.