ಉಳಿದುಹೋದ ಮೇಲಂಗಿ

"ನಮಗೆ ಮತ ಬೋಧಿಸಿದ ಅಪೊಸ್ತಲರು ಚಿಕ್ಕವರಿದ್ದಾಗ ಹೇಗಿದ್ರು, ಅಕ್ಕ?" ಎಂದು ಹೊಸ ಮತದ ಉಪದೇಶಿ ಕೇಳಿದ.

ಗುಡಾರ ಹೊಲಿಯುವ ಅಕ್ಕ ಒರಟು ಬಟ್ಟೆಗೆ ದಬ್ಬಣ ಚುಚ್ಚಿದಳು. "ಮೂಗಿನ ತುದೀಲೇ ಕೋಪ. ಆಟದಲ್ಲಿ ಸೋತ್ರೆ ಊಟ ಬಿಡ್ತಿದ್ದ ನನ್ನ ತಮ್ಮ. ಇದನ್ನೂ ಸಭೇಲಿ ಹೇಳ್ತೀಯಾ?"

"ಹೇಳ್ತೀನಿ. ಸತ್ಯ ಪೂರ್ತಿ ಗೊತ್ತಾಗ್ಬೇಕು ಜನಕ್ಕೆ."

ಹೊಸ ಮತದವನೊಬ್ಬನನ್ನು ಊರಾಚೆ ಕಲ್ಲು ಹೊಡೆದು ಕೊಂದ ದಿನ, ಹೊಡೆಯುವವರು ಕಳಚಿಟ್ಟ ಮೇಲಂಗಿಗಳನ್ನು ಕಾಯ್ದವನು ಆ ತಮ್ಮ. ಉಪದೇಶಿಗೆ ಇಷ್ಟು ಗೊತ್ತಿತ್ತು. ತಮ್ಮನೇ ಎಲ್ಲರೆದುರು ಹೇಳಿಕೊಂಡಿದ್ದ. ಹೇಳದೆ ಬಿಟ್ಟದ್ದು ಬೇರೆ. ಕೊಂದವರು ತಂತಮ್ಮ ಅಂಗಿ ತೊಟ್ಟು ಹೋದ ಮೇಲೂ ಒಂದು ಉಳಿದಿತ್ತು. ಸತ್ತವನದು, ಮೊದಲೇ ಕಿತ್ತು ರಾಶಿಗೆ ಎಸೆದಿದ್ದರು. ತಮ್ಮ ಅದನ್ನೂ ಮಡಿಸಿ ಮನೆಗೆ ತಂದ. ಆಮೇಲೆ ಅವನಿಗೆ ನಿದ್ದೆ ಹತ್ತಲಿಲ್ಲ. ಅಂಗಿ ಇಟ್ಟ ಮೂಲೆಯಲ್ಲಿ ಯಾರೋ ಉಸಿರಾಡುತ್ತಾರೆ ಎನ್ನುತ್ತಿದ್ದ. ಬೆಳಗಾದರೆ ಆ ಮತದವರ ಮನೆಗಳಿಗೆ ನುಗ್ಗಿ ಜನರನ್ನು ಎಳೆದು ತರುತ್ತಿದ್ದ. ನೋಡಲಾರದೆ ಅಕ್ಕ ಅಂಗಿಯನ್ನು ಒಲೆಗೆ ಹಾಕಿದಳು. ಸುಟ್ಟೆ ಎನ್ನಲು ಮಾತ್ರ ನಾಲಿಗೆ ಹೊರಳಲಿಲ್ಲ. ಗುಡಾರದ ಒಳಪದರಕ್ಕೆ ಸೇರಿಸಿ ಯಾರೋ ದಾರಿಹೋಕರಿಗೆ ಮಾರಿದೆ ಎಂದಳು. ಅವನು ಊರು ಬಿಟ್ಟ. ದಾರಿಯಲ್ಲಿ ಬೆಳಕು ಕಂಡನಂತೆ, ಅದೇ ಮತಕ್ಕೆ ಸೇರಿದನಂತೆ ಎಂಬ ಸುದ್ದಿ ಬಂತು. ಅವನು ಬರಲಿಲ್ಲ.

"ಒಂದು ಮಾತ್ರ ನಮಗೆ ಬಿಡಿಸೋಕಾಗಿಲ್ಲ," ಎಂದ ಉಪದೇಶಿ. "ಅಷ್ಟು ಓದಿದವರು ಅಪೊಸ್ತಲರು. ಯಾವ ಊರಿಗೆ ಹೋದ್ರೂ ಮೊದಲು ಗುಡಾರ ಹೊಲಿಯೋರ ಅಂಗಡಿ. ರಿಪೇರಿಗೆ ಬಂದಿರೋ ಹಳೇ ಗುಡಾರಗಳನ್ನೇ ಕೇಳಿ ತಗೋತಾರೆ. ಒಳಪದರ ಬಿಚ್ಚಿ ಕೈಯಾಡಿಸ್ತಾರೆ. ಆಮೇಲೆ ಮುಂದಿನ ಊರು. ನಾವು ವಿನಯ ಅಂತೀವಿ."

ಅಕ್ಕನ ಕೈ ನಿಂತಿತು. ಅಂಗಿಯ ಕಥೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟಳು.

"ಅಂಗಿ ಸುಟ್ಟೇ ಹೋಯ್ತು ಅಂತ ಅವನಿಗೆ ತಿಳಿಸಪ್ಪ. ಹುಡುಕಿದ್ದು ಸಾಕು, ಮನೆಗೆ ಬರ್ಲಿ."

ಉಪದೇಶಿಯ ಮುಖ ಬಿಳಿಚಿಕೊಂಡಿತು. "ಅವರು ನಡೀತಿರೋದು ಆ ಬೆಳಕಿಗಾಗಿ ಅಕ್ಕ, ಅಂಗಿಗಾಗಿ ಅಲ್ಲ."

"ಹಾಗಾದ್ರೆ ನಿಂಗ್ಯಾಕೆ ಭಯ? ಹೇಳಿದ್ಮೇಲೂ ನಡೀತಾನೆ, ಬಿಡು."

ಅವನು ಎದ್ದು ಚಪ್ಪಲಿ ಮೆಟ್ಟಿದ. "ನಡೀದೇ ಹೋದ್ರೆ?" ಎಂದ, ತನಗೆ ತಾನೇ ಎಂಬಂತೆ.

ಅಕ್ಕ ಬಾಗಿಲವರೆಗೆ ಓಡಿದಳು. "ಹೇಳ್ತೀಯೋ ಇಲ್ವೋ?"

ಬೀದಿಯಲ್ಲಿ ಅವನ ಹೆಜ್ಜೆ ಬಿರುಸಾಯಿತು.